ಕನ್ನಡಿಯ ಬೆನ್ನು ಓದೋದು ಹೇಗೆ? ಚೀನಾದ ಹಳೇ ಕಂಚಿನ ಕನ್ನಡಿಗಳ ಕಥೆ

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ವಿಡಿಯೋ ಬಂತು. ತಟ್ಟೆ ಥರದ ಒಂದು ಹಳೇ ಕಂಚಿನ ಬಿಲ್ಲೆ, ಯಾರೋ ಅದರ ಮೇಲೆ ಮೊಬೈಲ್ ಟಾರ್ಚ್ ಬಿಡ್ತಾರೆ, ಬೆಳಕು ಎದುರಿನ ಗೋಡೆಗೆ ಹೊಡೆದಾಗ ಅಲ್ಲಿ ಬುದ್ಧ ಕಾಣಿಸ್ತಾನೆ, ಸುತ್ತ ಕಿರಣಗಳ ಸಮೇತ. ಬಿಲ್ಲೆ ಮೇಲೆ ಹುಡುಕಿದ್ರೆ ಯಾವ ಬುದ್ಧನೂ ಇಲ್ಲ, ಖಾಲಿ. ಕೆಳಗೆ ನಮ್ಮ ದೊಡ್ಡಪ್ಪ "ಆಗಿನ ಕಾಲದ ಪ್ರೊಜೆಕ್ಟರ್, ಈಗಿನ ಸೈನ್ಸಿಗೂ ಗೊತ್ತಿಲ್ಲ" ಅಂತ ಬರೆದು ಮೂರು ಕೈಮುಗಿಯೋ ಇಮೋಜಿ ಹಾಕಿದ್ರು.

ವಿಡಿಯೋದಲ್ಲಿ ಇರೋ ವಸ್ತು ನಿಜವಾದ್ದೇ. ಅಮೆರಿಕದ ಸಿನ್ಸಿನಾಟಿ ಆರ್ಟ್ ಮ್ಯೂಸಿಯಂನವರು ತಮ್ಮ ಗೋಡೌನಲ್ಲಿ ಸುಮ್ನೆ ಬಿದ್ದಿದ್ದ ಕನ್ನಡಿ ಇಂಥದ್ದು ಅಂತ 2022ರಲ್ಲಿ ಪ್ರಕಟಿಸಿದ್ರು, ಅದನ್ನ ಕಂಡುಹಿಡಿದಿದ್ದೂ ಮೊಬೈಲ್ ಟಾರ್ಚ್ ಬಿಟ್ಟೇ. ಸೈನ್ಸಿಗೆ ಗೊತ್ತಿಲ್ಲ ಅನ್ನೋದು ಮಾತ್ರ ಸುಳ್ಳು. ಆದ್ರೆ ಅದು ಹೇಗೆ ಅಂತ ಹೇಳೋಕೆ ಮುಂಚೆ ಈ ಕನ್ನಡಿಗಳು ಏನು, ಅದರ ಹಿಂದುಗಡೆ ಯಾಕೆ ಅಷ್ಟೊಂದು ಚಿತ್ರ ಇರತ್ತೆ ಅನ್ನೋದು ಗೊತ್ತಾಗ್ಬೇಕು. ನನಗೆ ಕೇಳಿದ್ರೆ ಗೋಡೆ ಮೇಲಿನ ಬುದ್ಧನಿಗಿಂತ ಆ ಹಿಂದುಗಡೆಯ ಕಥೆನೇ ದೊಡ್ಡದು.

ಗಾಜಿಲ್ಲದ ಕನ್ನಡಿ

ನಮಗೆ ಕನ್ನಡಿ ಅಂದ್ರೆ ಗಾಜು. ಅದು ಬಹಳ ಈಚಿನ ಅಭ್ಯಾಸ. ಪ್ರಪಂಚದ ಎಷ್ಟೋ ಕಡೆ ಸಾವಿರಾರು ವರ್ಷ ಕನ್ನಡಿ ಅಂದ್ರೆ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ ಲೋಹ, ಬೇಲೂರಿನ ದರ್ಪಣಸುಂದರಿ ಮುಖ ನೋಡ್ಕೊಳ್ತಾ ಇರೋದೂ ಅಂಥದ್ದರಲ್ಲೇ. ಕೇರಳದಲ್ಲಿ ಇವತ್ತಿಗೂ ಮಾಡೋ ಆರನ್ಮುಳ ಕನ್ನಡಿ ಯಾರಾದ್ರೂ ನೋಡಿದ್ರೆ ಅರ್ಥ ಆಗತ್ತೆ. ಅದರ ಮೇಲೆ ಬೆರಳಿಟ್ರೆ ನಮ್ಮ ಬೆರಳಿಗೂ ಪ್ರತಿಬಿಂಬದ ಬೆರಳಿಗೂ ನಡುವೆ ಗ್ಯಾಪ್ ಇರಲ್ಲ, ಯಾಕಂದ್ರೆ ಬೆಳಕು ಗಾಜು ದಾಟಿ ಹಿಂದಿನ ಲೇಪಕ್ಕೆ ಹೋಗಿ ಬರೋ ಕೆಲಸ ಇಲ್ಲ, ಮೇಲ್ಮೈಯಿಂದಲೇ ವಾಪಸ್.

ಚೀನಾದಲ್ಲಿ ಇದು ಶುರುವಾಗಿದ್ದು ಸುಮಾರು 4000 ವರ್ಷದ ಹಿಂದೆ, ವಾಯವ್ಯ ಭಾಗದ ಚೀಜಿಯಾ ಸಂಸ್ಕೃತಿಯ ಕಾಲದಲ್ಲಿ. ಆಮೇಲೆ ಕ್ರಿ.ಪೂ. 1200ರ ಹೊತ್ತಿನ ರಾಣಿ ಫೂ ಹಾವೊ ಅವಳ ಸಮಾಧಿ 1976ರಲ್ಲಿ ಆನ್‌ಯಾಂಗ್ ಹತ್ರ ಸಿಕ್ತು, ಅದರಲ್ಲಿ ನೂರಾರು ಕಂಚಿನ ಸಾಮಾನಿದ್ರೂ ಕನ್ನಡಿ ಇದ್ದಿದ್ದು ಬರೀ 4. ಅಂದ್ರೆ ಆಗ ರಾಣಿಗೂ ಅಪರೂಪದ ವಸ್ತು. ಕ್ರಿ.ಪೂ. 5ನೇ ಶತಮಾನದಿಂದಾಚೆ ಜಾಸ್ತಿಯಾಗಿ, ಹಾನ್ ರಾಜವಂಶದ ಕಾಲಕ್ಕೆ, ಅಂದ್ರೆ ಕ್ರಿ.ಪೂ. 206ರಿಂದ ಕ್ರಿ.ಶ. 220ರ ತನಕ, ಸ್ವಲ್ಪ ಅನುಕೂಲಸ್ಥರ ಮನೆಯಲ್ಲೆಲ್ಲ ಕನ್ನಡಿ ಬಂತು.

ಇನ್ನು ಲೋಹದ ವಿಷಯ. ಕಂಚು ಅಂದ್ರೆ ತಾಮ್ರಕ್ಕೆ ತವರ ಸೇರಿಸಿದ್ದು, ಇಷ್ಟು ಎಲ್ಲರಿಗೂ ಗೊತ್ತು. ತವರ ನೂರಕ್ಕೆ ಹತ್ತು ಭಾಗ ಇದ್ರೆ ಬಣ್ಣ ಬಂಗಾರದ ಥರ, ಜಾಸ್ತಿ ಮಾಡ್ತಾ ಹೋದ್ರೆ ಬೆಳ್ಳಿ ಥರ ಬೆಳ್ಳಗಾಗತ್ತೆ. ಹಾನ್ ಕಾಲದ ಕನ್ನಡಿಗಳಲ್ಲಿ ಹೆಚ್ಚುಕಮ್ಮಿ 70 ಭಾಗ ತಾಮ್ರ, 24ರ ಆಸುಪಾಸು ತವರ, ಉಳಿದಿದ್ದು ಸೀಸ. ಮ್ಯೂಸಿಯಂನಲ್ಲಿ ಹಸಿರು ಪಾಚಿ ಹಿಡಿದ ಹಾಗೆ ಕಾಣೋ ಈ ಕನ್ನಡಿಗಳು ಹೊಸದ್ರಲ್ಲಿ ಬೆಳ್ಳಗೆ ಫಳಫಳ ಅಂತಿದ್ವು. ಇದಕ್ಕೆ ಕೊಡಬೇಕಾದ ಬೆಲೆ ಏನಪ್ಪಾ ಅಂದ್ರೆ ತವರ ಹೆಚ್ಚಾದಷ್ಟೂ ಲೋಹ ಪೆಡಸಾಗತ್ತೆ, ಕೈಜಾರಿ ಬಿದ್ರೆ ತಗ್ಗು ಬೀಳಲ್ಲ, ಮಡಕೆ ಥರ ಒಡೆದೇ ಹೋಗತ್ತೆ. ಇದನ್ನ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗತ್ತೆ.

ಮಣ್ಣಿನ ಅಚ್ಚಲ್ಲಿ ಎರಕ ಹೊಯ್ದು ತೆಗೆದ ಕೂಡಲೇ ಅದರಲ್ಲಿ ಮುಖ ಕಾಣಲ್ಲ. ಕ್ರಿ.ಪೂ. 2ನೇ ಶತಮಾನದ ಒಂದು ಚೀನೀ ಗ್ರಂಥದಲ್ಲೇ ಇದಿದೆ, ಅಚ್ಚಿಂದ ಈಗಷ್ಟೇ ಬಂದ ಕನ್ನಡಿ ಮಂಕು, ಅದಕ್ಕೆ "ಕಪ್ಪು ತವರ"ದ ಪುಡಿ ಹಚ್ಚಿ ಬಿಳೀ ಉಣ್ಣೆ ಬಟ್ಟೆಯಲ್ಲಿ ತಿಕ್ಕಿದ್ರೆ ಹುಬ್ಬಿನ ಕೂದಲೂ ಕಾಣತ್ತೆ ಅಂತ. ಸ್ವಲ್ಪ ದಿನಕ್ಕೆ ಮತ್ತೆ ಮಂಕಾಗತ್ತೆ. ಅದಕ್ಕೇ ಊರೂರು ತಿರುಗಿ ಕನ್ನಡಿ ಉಜ್ಜಿಕೊಡೋರು ಇದ್ರು, ನಮ್ಮಲ್ಲಿ "ಪಾತ್ರೆಗೆ ಕಲಾಯಿ" ಅಂತ ಕೂಗ್ತಾ ಬರ್ತಿದ್ರಲ್ಲ, ಹಾಗೇ.

ಮುಖ ಒಂದು ಕಡೆ, ಲೋಕ ಇನ್ನೊಂದು ಕಡೆ

ನಮ್ಮ ಕಡೆಯ ಹಳೇ ಲೋಹದ ಕನ್ನಡಿಗೆ ಸಾಮಾನ್ಯವಾಗಿ ಹಿಡಿ ಇರತ್ತೆ. ಚೀನಾದ್ದಕ್ಕೆ ಬಹಳ ಕಾಲ ಹಿಡಿ ಇರಲಿಲ್ಲ. ದುಂಡಗಿನ ಬಿಲ್ಲೆ, ಅಗಲ ಬಹುತೇಕ 10ರಿಂದ 20 ಸೆಂಟಿಮೀಟರ್, ಹಿಂದುಗಡೆ ಸರಿಯಾಗಿ ನಡುವೆ ಅರ್ಧ ನಿಂಬೆಹಣ್ಣು ಬೋರಲು ಹಾಕಿದ ಹಾಗೆ ಒಂದು ಉಬ್ಬು, ಆ ಉಬ್ಬಿನೊಳಗೆ ಅಡ್ಡಕ್ಕೆ ತೂತು. ಆ ತೂತಲ್ಲಿ ರೇಷ್ಮೆ ದಾರ ಪೋಣಿಸಿ ಅದನ್ನ ಹಿಡ್ಕೊಳ್ತಿದ್ರು, ಇಲ್ಲಾ ಸ್ಟ್ಯಾಂಡಿಗೆ ಕಟ್ತಿದ್ರು. ಮುಖ ನೋಡೋ ಕಡೆ ಖಾಲಿ ಬಿಟ್ಟು ಚಿತ್ರ ಎಲ್ಲ ಹಿಂದೆ, ಈ ಉಬ್ಬಿನ ಸುತ್ತ.

ನಾವು "ಕನ್ನಡಿಯೊಳಗಿನ ಗಂಟು" ಅಂತೀವಿ, ಇಲ್ಲಿ ಗಂಟು ಇರೋದು ಕನ್ನಡಿ ಹಿಂದೆ.

ಆ ಹಿಂದಿನ ಚಿತ್ರ ಓದೋದು ಕಲಿಯೋಕೆ ಒಂದೇ ಒಂದು ಕನ್ನಡಿ ಎತ್ಕೊಳ್ಳೋಣ, ಕ್ರಿ.ಶ. 1ನೇ ಶತಮಾನದ ಶುರುವಿನದ್ದು, ವಾಂಗ್ ಮಾಂಗ್ ಅನ್ನೋನು ಹಾನ್ ವಂಶದವರನ್ನ ಪಕ್ಕಕ್ಕೆ ತಳ್ಳಿ 9ರಿಂದ 23ರ ತನಕ ಆಳಿದ ಕಾಲದ ನಮೂನೆ. ಈ ನಮೂನೆಯವು ಎಷ್ಟೋ ಸಿಕ್ಕಿವೆ. ನಡುವಿಂದ ಅಂಚಿನ ಕಡೆಗೆ ಓದ್ತಾ ಹೋಗ್ಬೇಕು, ರಂಗೋಲಿ ಬಿಡಿಸೋ ಹಾಗೆ.

ನಡುವೆ ಉಬ್ಬು. ಅದರ ಸುತ್ತ ಒಂದು ಚೌಕ. ಚೌಕದ ಒಳಗೆ 12 ಅಕ್ಷರ, ಪ್ರತಿ ಎರಡರ ನಡುವೆ ಒಂದು ಸಣ್ಣ ಗುಳ್ಳೆ. ಚೌಕದ ಆಚೆ ಪ್ರಾಣಿ ಪಕ್ಷಿಗಳು, ವಿಚಿತ್ರವಾದ ಕೋನದ ಗುರುತುಗಳು, ಅದರಾಚೆ ಸುತ್ತಲೂ ಒಂದು ಸಾಲು ಬರಹ, ಕೊನೆಗೆ ಅಂಚಲ್ಲಿ ಗರಗಸದ ಹಲ್ಲು ಮತ್ತೆ ಮೋಡದ ಬಳ್ಳಿ.

ಚೌಕ ಯಾಕೆ? ಹಳೇ ಚೀನೀ ನಂಬಿಕೆಯಲ್ಲಿ ಆಕಾಶ ದುಂಡಗೆ, ಭೂಮಿ ಚೌಕ. ಹಾಗಾಗಿ ದುಂಡು ಕನ್ನಡಿಯೊಳಗೆ ಚೌಕ ಹಾಕಿದ್ರೆ ಆಕಾಶದ ಕೆಳಗೆ ಭೂಮಿ ಕೂತ ಹಾಗೆ. ಅವರ ಹಳೇ ತಾಮ್ರದ ನಾಣ್ಯ, ದುಂಡಗಿದ್ದು ನಡುವೆ ಚೌಕದ ತೂತು, ಅದನ್ನ ನೋಡಿರ್ತೀರಿ, ಅದನ್ನೂ ಇದೇ ಥರ ಅರ್ಥ ಮಾಡ್ತಾರೆ. ನಡುವಿನ ಉಬ್ಬು ಲೋಕದ ನಟ್ಟನಡುವಿನ ಬೆಟ್ಟ, ನಮ್ಮ ಮೇರು ಪರ್ವತದ ಹಾಗೆ ಅವರಿಗೆ ಕುನ್‌ಲುನ್ ಅಂತ ಒಂದು ಬೆಟ್ಟ ಇದೆ, ಅದು ಅಂತ ಹಲವರು ಓದ್ತಾರೆ. 12 ಅಕ್ಷರ ಅಂದ್ರೆ ಅವರ 12 "ಭೂಶಾಖೆ"ಗಳು, ದಿಕ್ಕು ಹೇಳೋಕೂ ಅವೇ, ಹೊತ್ತು ಹೇಳೋಕೂ ಅವೇ, ಇಲಿ ವರ್ಷ ಹುಲಿ ವರ್ಷ ಅಂತ ಇವತ್ತು ಹೇಳ್ತಾರಲ್ಲ ಆ ಲೆಕ್ಕದ ಬುಡವೂ ಅವೇ.

ಪ್ರಾಣಿಗಳು ನಾಲ್ಕು ದಿಕ್ಕಿನ ಕಾವಲುಗಾರರು. ನಮಗೆ ಅಷ್ಟದಿಕ್ಪಾಲಕರು ಇದ್ದ ಹಾಗೆ. ಪೂರ್ವಕ್ಕೆ ಹಸಿರು ಡ್ರ್ಯಾಗನ್, ಪಶ್ಚಿಮಕ್ಕೆ ಬಿಳೀ ಹುಲಿ, ದಕ್ಷಿಣಕ್ಕೆ ಕೆಂಪು ಹಕ್ಕಿ, ಉತ್ತರಕ್ಕೆ "ಕಪ್ಪು ಯೋಧ". ಈ ಯೋಧ ಮನುಷ್ಯನಲ್ಲ, ಒಂದು ಆಮೆ, ಅದರ ಮೈಗೆ ಸುತ್ತಿಕೊಂಡ ಒಂದು ಹಾವು. ಬಣ್ಣಗಳೂ ಸುಮ್ನೆ ಇಟ್ಟಿದ್ದಲ್ಲ. ಪೂರ್ವ ಮರ ಮತ್ತು ವಸಂತ ಅದಕ್ಕೆ ಹಸಿರು, ದಕ್ಷಿಣ ಬೆಂಕಿ ಮತ್ತು ಬೇಸಿಗೆ ಅದಕ್ಕೆ ಕೆಂಪು, ಪಶ್ಚಿಮ ಲೋಹ ಮತ್ತು ಶರತ್ಕಾಲ ಅದಕ್ಕೆ ಬಿಳಿ, ಉತ್ತರ ನೀರು ಮತ್ತು ಚಳಿಗಾಲ ಅದಕ್ಕೆ ಕಪ್ಪು, ನಡುವೆ ಮಣ್ಣು ಅದಕ್ಕೆ ಹಳದಿ. ಅಂದ್ರೆ ಒಂದು ಅಂಗೈಯಗಲದ ಬಿಲ್ಲೆಯಲ್ಲಿ ದಿಕ್ಕು, ಕಾಲ, ಋತು, ಪಂಚತತ್ವ ಎಲ್ಲ ಕೂತಿದೆ, ಅದರ ನಡುವಿನ ದಾರ ಹಿಡ್ಕೊಂಡು ಒಬ್ಬಳು ತಲೆ ಬಾಚ್ಕೊಳ್ತಾ ಇದಾಳೆ.

ಆ ಟಿ, ಎಲ್, ವಿ ಏನು?

ಈಗ ಆ ಕೋನದ ಗುರುತುಗಳು. ಚೌಕದ ನಾಲ್ಕೂ ಬದಿಯ ನಡುವಿಂದ ಇಂಗ್ಲಿಷಿನ "ಟಿ" ಅಕ್ಷರದ ಥರ ಒಂದೊಂದು, ಅದಕ್ಕೆ ಎದುರಾಗಿ ಹೊರಗಿನ ವೃತ್ತದಿಂದ "ಎಲ್" ಥರ ಒಂದೊಂದು, ಚೌಕದ ಮೂಲೆಗಳಿಗೆ ಎದುರಾಗಿ "ವಿ" ಥರ ಒಂದೊಂದು. ಪಾಶ್ಚಾತ್ಯ ವಿದ್ವಾಂಸರು ಇದಕ್ಕೆ ಏನು ಹೆಸರಿಡೋದು ಗೊತ್ತಾಗದೆ ಟಿಎಲ್‌ವಿ ಕನ್ನಡಿ ಅಂತಲೇ ಕರೆದ್ರು, ಆ ಹೆಸರು ಉಳ್ಕೊಂಡ್ತು. ಚೀನಾದಲ್ಲಿ ಬಹಳ ದಿನ ಇದನ್ನ ಬಡಗಿಯ ಕೈವಾರ ಮತ್ತು ಮೂಲೆಮಟ್ಟ ಅಂದ್ಕೊಂಡಿದ್ರು.

ಆದ್ರೆ ಇದೇ ಗುರುತುಗಳು ಲಿಯುಬೋ, ಚಿಕ್ಕದಾಗಿ ಬೋ, ಅನ್ನೋ ಆಟದ ಹಾಸಿನ ಮೇಲೂ ಇವೆ. ಇಬ್ಬರು ಆಡೋ ಆಟ, ಒಬ್ಬೊಬ್ಬರಿಗೆ 6 ಕಾಯಿ, ಕಡ್ಡಿ ಎಸೆದು ಬಿದ್ದ ಲೆಕ್ಕಕ್ಕೆ ಕಾಯಿ ನಡೆಸೋದು, ನಮ್ಮ ಚೌಕಾಬಾರದಲ್ಲಿ ಕವಡೆ ಎಸೆದ ಹಾಗೆ. ಆಟದ ಪೂರ್ತಿ ನಿಯಮ ಇವತ್ತು ಯಾರಿಗೂ ಗೊತ್ತಿಲ್ಲ, ಆದ್ರೆ ಹಾನ್ ಕಾಲದ ಕೆತ್ತನೆಗಳಲ್ಲಿ ಬೆಟ್ಟದ ಮೇಲೆ ಕೂತ ಅಮರರು ಇದನ್ನ ಆಡ್ತಾ ಇರ್ತಾರೆ. 1993ರಲ್ಲಿ ಜಿಯಾಂಗ್ಸು ಪ್ರಾಂತ್ಯದ ಯಿನ್‌ವಾನ್‌ನಲ್ಲಿ ಒಂದು ಸಮಾಧಿ ಅಗೆದಾಗ ಒಂದು ಮರದ ಹಲಗೆ ಸಿಕ್ತು, ಅದರ ಮೇಲೆ ಇದೇ ನಕ್ಷೆ, ಗೆರೆಗಳ ಉದ್ದಕ್ಕೂ 60 ದಿನಗಳ ಹೆಸರು. ಇವತ್ತು ಮದುವೆ ಮಾತಾಡಬಹುದಾ, ಪ್ರಯಾಣ ಹೊರಡಬಹುದಾ ಅಂತ ನೋಡೋ ಪಂಚಾಂಗ ಅದು! ಸಾಲದ್ದಕ್ಕೆ ಒಂದು ಕನ್ನಡಿಯ ಬರಹದಲ್ಲೇ "ಬೋ ಹಾಸು ಕೆತ್ತಿದೆ, ಕೆಟ್ಟದ್ದು ತೊಲಗಲಿ" ಅಂತ ಅರ್ಥದ ಸಾಲು ಇರೋದು ಬೆಳಕಿಗೆ ಬಂತು. ಅಲ್ಲಿಗೆ ಇದು ಆಟದ ಹಾಸೇ ಅನ್ನೋದು ಗಟ್ಟಿಯಾಯ್ತು, ಈಗ ಚೀನಾದಲ್ಲಿ ಇವಕ್ಕೆ "ಬೋ ಹಾಸಿನ ಕನ್ನಡಿ" ಅಂತಲೇ ಹೆಸರು.

ಆಟದ ಹಾಸು ಕನ್ನಡಿಗೆ ಯಾಕೆ ಬಂತು ಅಂದ್ರೆ, ಅವರಿಗೆ ಆ ಹಾಸು ಬರೀ ಆಟದ್ದಲ್ಲ, ಲೋಕದ ನಕ್ಷೆ. ಕಾಯಿ ನಡೆಯೋ ದಾರಿ ಅಂದ್ರೆ ಕಾಲ ನಡೆಯೋ ದಾರಿ.

ಕನ್ನಡಿಯೇ ಮಾತಾಡತ್ತೆ

ಅಂಚಿನ ಬರಹ ನನಗೆ ಎಲ್ಲಕ್ಕಿಂತ ಇಷ್ಟ. ಅರ್ಧ ಆಶೀರ್ವಾದ, ಅರ್ಧ ಜಾಹೀರಾತು. ಬಹಳ ಕನ್ನಡಿಗಳಲ್ಲಿ ಬರೋ ಒಂದು ಸಾಲು ಹೀಗಿದೆ: "ಹಾನ್ ದೇಶದ ಒಳ್ಳೇ ತಾಮ್ರ ದಾನ್‌ಯಾಂಗಿಂದ ಬರತ್ತೆ, ಬೆಳ್ಳಿ ತವರ ಬೆರೆಸಿದ್ರೆ ತಿಳಿಯಾಗಿ ಹೊಳೆಯತ್ತೆ." ಇನ್ನೊಂದು: "ಅರಮನೆಯ ಕಾರ್ಖಾನೆ ಮಾಡಿದ ಕನ್ನಡಿ ಇದು, ನಿಜಕ್ಕೂ ಕುಶಲದ ಕೆಲಸ, ಇದರ ಮೇಲಿರೋ ಅಮರರಿಗೆ ಮುಪ್ಪು ಗೊತ್ತಿಲ್ಲ, ಬಾಯಾರಿದ್ರೆ ಪಚ್ಚೆಯ ಚಿಲುಮೆ ನೀರು ಕುಡೀತಾರೆ, ಹಸಿದ್ರೆ ಎಲಚಿ ಹಣ್ಣು ತಿಂತಾರೆ." ಖಾಸಗಿಯವರು ಮಾಡಿದ ಕನ್ನಡಿ ಮೇಲೂ ಅರಮನೆ ಕಾರ್ಖಾನೆ ಹೆಸರು ಹಾಕ್ತಿದ್ರು ಅಂತ ಅನುಮಾನ ಇದೆ, ಬ್ರ್ಯಾಂಡ್ ಕದಿಯೋದು ಇವತ್ತಿನ ಕಥೆ ಅಲ್ಲ ನೋಡಿ.

ಮತ್ತೊಂದು ಸಾಲು: "ಎಡಕ್ಕೆ ಡ್ರ್ಯಾಗನ್, ಬಲಕ್ಕೆ ಹುಲಿ, ಅಮಂಗಳ ದೂರ ಇಡಲಿ, ಕೆಂಪು ಹಕ್ಕಿ ಕಪ್ಪು ಯೋಧ ಯಿನ್ ಯಾಂಗ್ ಸರಿ ಇಡಲಿ, ಮಕ್ಕಳು ಮೊಮ್ಮಕ್ಕಳು ನಡುವೆ ತುಂಬಿರಲಿ." ಡ್ರ್ಯಾಗನ್ ಪೂರ್ವಕ್ಕಲ್ವಾ, ಎಡಕ್ಕೆ ಹೇಗೆ ಬಂತು ಅಂತ ಕೇಳಬಹುದು. ಚೀನಾದಲ್ಲಿ ರಾಜ ಕೂರೋದು ದಕ್ಷಿಣಕ್ಕೆ ಮುಖ ಮಾಡಿ, ಹಾಗೆ ಕೂತು ನೋಡಿ, ಪೂರ್ವ ಎಡಗೈ ಕಡೆ ಬರತ್ತೆ.

ಇಲ್ಲೊಂದು ತಮಾಷೆ. "ಅಮಂಗಳ" ಅನ್ನೋ ಪದದಲ್ಲಿ "ಮಂಗಳ"ಕ್ಕೆ ಬರೆಯಬೇಕಾದ ಚೀನೀ ಅಕ್ಷರದ ಎಡಭಾಗ ಬಿಟ್ಟು ಬರೀ ಬಲಭಾಗ ಬರೆದಿರ್ತಾರೆ. ಉಚ್ಚಾರ ಹತ್ತಿರದ್ದೇ, ಆದ್ರೆ ಒಂಟಿಯಾಗಿ ಆ ಅಕ್ಷರದ ಅರ್ಥ "ಕುರಿ". ಅಕ್ಷರಕ್ಕೆ ಅಕ್ಷರ ಓದಿದ್ರೆ ಡ್ರ್ಯಾಗನ್ನೂ ಹುಲಿಯೂ ಸೇರಿ "ಕುರಿಯಲ್ಲದ್ದನ್ನ" ಓಡಿಸ್ತಾ ಇವೆ. ಜಾಗ ಸಾಲದೆ ಅಕ್ಷರ ಚಿಕ್ಕದು ಮಾಡಿದ್ದು ಇದು, ಆಗ ಹೀಗೆ ಬರೆಯೋದು ರೂಢಿಯಲ್ಲೂ ಇತ್ತು. ಇನ್ನು ಕೆಲವು ಕನ್ನಡಿಗಳಲ್ಲಿ ಇಡೀ ಸಾಲೇ ತಿರುಗುಮುರುಗಾಗಿದೆ, ಯಾಕಂದ್ರೆ ಅಚ್ಚಿನಲ್ಲಿ ಉಲ್ಟಾ ಕೆತ್ತಿದ್ರೆ ಮಾತ್ರ ಎರಕದಲ್ಲಿ ಸರಿಯಾಗಿ ಬರತ್ತೆ, ಕೆತ್ತೋನು ಅದನ್ನ ಮರೆತಿದ್ದ.

ದೇವರು ದಿಕ್ಕು ಇಲ್ಲದ, ಬರೀ ಪ್ರೀತಿಯ ಕನ್ನಡಿಗಳೂ ಇವೆ. ಹಾನ್ ಕಾಲದ ಸಣ್ಣ ಸಣ್ಣ ಕನ್ನಡಿಗಳ ಮೇಲೆ "ಸೂರ್ಯನ ಬೆಳಕು ಕಂಡಾಗೆಲ್ಲ, ನಾವಿಬ್ಬರೂ ಒಬ್ಬರನ್ನೊಬ್ಬರು ಮರೆಯದಿರೋಣ" ಅಂತ ಇರತ್ತೆ.

ದೆವ್ವಕ್ಕೂ ಕನ್ನಡಿ, ಸಮಾಧಿಗೂ ಕನ್ನಡಿ

ಬೆಳಕು ಹಿಡಿದು ಇದ್ದದ್ದನ್ನ ಇದ್ದ ಹಾಗೆ ತೋರಿಸೋ ವಸ್ತುವಿಗೆ ಶಕ್ತಿ ಇದೆ ಅಂತ ಜನ ನಂಬೋದು ಸಹಜ, ನಾವೂ ಕಳಶದ ಜೊತೆ ಕನ್ನಡಿ ಇಟ್ಟು ಶುಭಕ್ಕೆ ಎದುರುಗೊಳ್ತೀವಿ. 4ನೇ ಶತಮಾನದ ದಾವೊ ಪಂಥದ ಲೇಖಕ ಗೆ ಹಾಂಗ್ ಒಂದು ಸಲಹೆ ಕೊಟ್ಟಿದಾನೆ. ಬೆಟ್ಟಕ್ಕೆ ತಪಸ್ಸಿಗೆ ಹೋಗೋರು ಒಂಬತ್ತು ಅಂಗುಲದ ಕನ್ನಡಿಯನ್ನ ಬೆನ್ನಿಗೆ ಕಟ್ಕೊಂಡು ಹೋಗ್ಬೇಕಂತೆ, ಮನುಷ್ಯರ ವೇಷ ಹಾಕಿ ಹಿಂದಿಂದ ಬರೋ ಹಳೇ ಭೂತಗಳು ಕಣ್ಣಿಗೆ ಮೋಸ ಮಾಡಬಹುದು, ಕನ್ನಡಿಯಲ್ಲಿ ಮಾತ್ರ ಅವುಗಳ ನಿಜರೂಪ ಬಯಲಾಗತ್ತಂತೆ.

ಸಮಾಧಿಯಲ್ಲಿ ಹೆಣದ ತಲೆ ಹತ್ರ, ಎದೆ ಹತ್ರ ಕನ್ನಡಿ ಇಡ್ತಿದ್ರು, ಕತ್ತಲಲ್ಲಿ ದಾರಿ ತೋರಿಸಲಿ, ಕೆಟ್ಟದ್ದು ಹತ್ರ ಬರದಿರಲಿ ಅಂತ. ನಮಗೆ ಇಷ್ಟೊಂದು ಕನ್ನಡಿ ಸಿಕ್ಕಿರೋದೂ ಅದರಿಂದಲೇ. ಇದರಲ್ಲಿ ದೈತ್ಯಗಳೂ ಇವೆ. ಶಾನ್‌ದೋಂಗ್ ಪ್ರಾಂತ್ಯದ ಝಿಬೋದಲ್ಲಿ ಸಿಕ್ಕ ಹಾನ್ ಕಾಲದ ಒಂದು ಕನ್ನಡಿ ದುಂಡಗಿಲ್ಲ, ಬಾಗಿಲ ಥರ ಉದ್ದಕ್ಕಿದೆ, ಎತ್ತರ 115 ಸೆಂಟಿಮೀಟರ್, ತೂಕ 56 ಕೆಜಿ ಮೇಲೆ. ಒಂದು ಮೂಟೆ ಅಕ್ಕಿಗಿಂತ ಭಾರ.

ಕನ್ನಡಿಯ ಈ ಮಹಿಮೆ ಸಮುದ್ರವನ್ನೂ ದಾಟ್ತು. 3ನೇ ಶತಮಾನದಲ್ಲಿ ಚೀನಾದ ವೇಯ್ ದೊರೆ ಜಪಾನಿನ ರಾಣಿ ಹಿಮಿಕೋಗೆ ಕಳಿಸಿದ ಉಡುಗೊರೆಯಲ್ಲಿ 100 ಕಂಚಿನ ಕನ್ನಡಿ ಇದ್ವು ಅಂತ ಚೀನಾದ ಇತಿಹಾಸದಲ್ಲಿ ದಾಖಲಾಗಿದೆ. ಅಲ್ಲಿ ಸಿಕ್ಕಿರೋ ಹಳೇ ಕನ್ನಡಿಗಳಲ್ಲಿ ಅವು ಯಾವುವು ಅನ್ನೋ ಜಗಳ ಜಪಾನಲ್ಲಿ ಇನ್ನೂ ಮುಗಿದಿಲ್ಲ.

ದ್ರಾಕ್ಷಿ, ಸಿಂಹ, ಚಂದ್ರನೊಳಗಿನ ಮೊಲ

618ರಿಂದ 907ರ ತನಕ ಆಳಿದ ತಾಂಗ್ ವಂಶದ ಕಾಲಕ್ಕೆ ಬಂದ್ರೆ ಕನ್ನಡಿಯ ಮೂಡೇ ಬದಲು. ಚೌಕ, ದಿಕ್ಕು, ಪಂಚಾಂಗ ಹಿಂದೆ ಸರಿದು ಹೂವು, ಹಕ್ಕಿ, ಪಶ್ಚಿಮದ ವ್ಯಾಪಾರದ ದಾರಿಯಲ್ಲಿ ಬಂದ ದ್ರಾಕ್ಷಿ ಬಳ್ಳಿ, ಅದರ ನಡುವೆ ಕುಣಿಯೋ ಸಿಂಹಗಳು. ಸಿಂಹವೂ ಚೀನಾದ್ದಲ್ಲ, ದ್ರಾಕ್ಷಿಯೂ ಅಲ್ಲಿಯದ್ದಲ್ಲ. ಗೊಂಚಲು ತುಂಬ ಹಣ್ಣು ಅಂದ್ರೆ ಮನೆ ತುಂಬ ಮಕ್ಕಳು ಅನ್ನೋ ಅರ್ಥವೂ ಅದಕ್ಕೆ ಅಂಟ್ಕೊಂಡ್ತು. ಎಷ್ಟೋ ಕನ್ನಡಿಗಳ ಆಕಾರವೂ ದುಂಡು ಬಿಟ್ಟು ಎಂಟು ಎಸಳಿನ ಹೂವಾಯ್ತು.

ಈ ಕಾಲದಲ್ಲಿ ನನಗೆ ಹಿಡಿಸೋದು ಚಂದ್ರನ ಕನ್ನಡಿಗಳು. ದುಂಡಗೆ ಹೊಳೆಯೋ ಕನ್ನಡಿ ಅಂದ್ರೆ ಚಂದ್ರನೇ ಅಲ್ವಾ, ಅದಕ್ಕೇ ಹಿಂದುಗಡೆ ಚಂದ್ರಲೋಕ ಬಿಡಿಸಿದಾರೆ: ನಡುವೆ ಒಂದು ಮರ, ಒಂದು ಕಡೆ ಅಲ್ಲಿಗೆ ಓಡಿಹೋದ ಚಾಂಗ್‌ಅ ಅನ್ನೋ ಹೆಂಗಸು, ಒಂದು ಕಪ್ಪೆ, ಇನ್ನೊಂದು ಕಡೆ ಒರಳಲ್ಲಿ ಅಮೃತದ ಮದ್ದು ಕುಟ್ಟೋ ಮೊಲ. ಚಂದ್ರನಲ್ಲಿ ಮೊಲ ಕಾಣೋರು ನಾವೊಬ್ಬರೇ ಅಲ್ಲ. ನಮ್ಮ ಮೊಲ ಸುಮ್ನೆ ಕೂತಿರತ್ತೆ, ಅವರದ್ದು ಕೆಲಸಕ್ಕೆ ಹೋಗತ್ತೆ ಅಷ್ಟೇ.

ಹಾಗಾದ್ರೆ ಗೋಡೆ ಮೇಲಿನ ಬುದ್ಧ?

ಈಗ ದೊಡ್ಡಪ್ಪನ ಪ್ರೊಜೆಕ್ಟರಿಗೆ ಬರೋಣ. ಇದನ್ನ ಚೀನಾದಲ್ಲಿ "ಬೆಳಕು ತೂರೋ ಕನ್ನಡಿ" ಅಂತಾರೆ, ನೋಡಿದೋರಿಗೆ ಬೆಳಕು ಲೋಹವನ್ನೇ ತೂರಿಕೊಂಡು ಹಿಂದಿನ ಚಿತ್ರ ತರತ್ತೇನೋ ಅನ್ಸತ್ತೆ. ನಿಜವಾಗಿ ಏನೂ ತೂರಲ್ಲ.

ಹಿಂದೆ ಚಿತ್ರ ಇರೋ ಕಡೆ ಲೋಹ ದಪ್ಪ, ಇಲ್ಲದ ಕಡೆ ತೆಳು. ಮುಂದಿನ ಮುಖವನ್ನ ಒತ್ತಿ ಒತ್ತಿ ಉಜ್ಜುವಾಗ ತೆಳು ಜಾಗ ಒಳಗೆ ಬಗ್ಗತ್ತೆ, ಕೈ ತೆಗೆದ ಮೇಲೆ ವಾಪಸ್ ಎದ್ದು ಒಂಚೂರು ಉಬ್ಬತ್ತೆ. ದಪ್ಪ ಜಾಗ ಅಷ್ಟು ಬಗ್ಗಲ್ಲ, ಹಾಗಾಗಿ ಹೆಚ್ಚು ಚಪ್ಪಟೆಯಾಗಿ ಉಳಿಯತ್ತೆ. ಈ ಏರಿಳಿತ ಎಷ್ಟು ಸಣ್ಣದು ಅಂದ್ರೆ ಮುಖ ನೋಡ್ಕೊಳ್ಳುವಾಗ ಗೊತ್ತೇ ಆಗಲ್ಲ, ಬೆರಳಿಗೂ ಸಿಗಲ್ಲ. ಆದ್ರೆ ಜೋರು ಬೆಳಕು ಬಿದ್ದು ದೂರದ ಗೋಡೆಗೆ ಹೋದಾಗ ಉಬ್ಬಿದ ಕಡೆಯ ಬೆಳಕು ಚದುರಿ ಮಂಕಾಗತ್ತೆ, ಚಪ್ಪಟೆ ಕಡೆಯದ್ದು ಚದುರದೆ ಪ್ರಕಾಶವಾಗಿ ಬೀಳತ್ತೆ, ಹಿಂದಿನ ಚಿತ್ರ ಗೋಡೆ ಮೇಲೆ ಮೂಡತ್ತೆ. ಬಕೆಟ್ಟಿನ ನೀರಿಗೆ ಬಿಸಿಲು ಬಿದ್ದಾಗ ಬಚ್ಚಲ ಸೂರಲ್ಲಿ ಬೆಳಕಿನ ಗೆರೆ ಆಡತ್ತಲ್ಲ, ಅದೇ ವಿದ್ಯೆ. ನೀರಿನ ಸಣ್ಣ ಅಲೆ ನಮಗೆ ಕಾಣ್ದಿದ್ರೂ ಸೂರಿಗೆ ಗೊತ್ತು.

ಸಿನ್ಸಿನಾಟಿ ಕನ್ನಡಿಯಲ್ಲಿ ಇನ್ನೂ ಒಂದು ಗುಟ್ಟಿದೆ, ಅದರ ಹಿಂದೆ ಇರೋದು ಅಮಿತಾಭ ಬುದ್ಧನ ಹೆಸರು ಮಾತ್ರ, ಚಿತ್ರ ಇಲ್ಲ. ಬುದ್ಧನ ಚಿತ್ರ ಒಳಗಿದ್ದು, ಅದರ ಮೇಲೆ ಹೆಸರಿರೋ ಇನ್ನೊಂದು ಹಾಳೆ ಕೂರಿಸಿರಬೇಕು ಅನ್ನೋದು ತಿಳಿದೋರ ಅಂದಾಜು.

11ನೇ ಶತಮಾನದ ಚೀನೀ ಪಂಡಿತ ಶೆನ್ ಕುವೊ ತನ್ನ ಮನೆಯಲ್ಲೇ ಇಂಥ ಮೂರು ಕನ್ನಡಿ ಇವೆ ಅಂತ ಬರೆದು, ತೆಳು ಜಾಗ ಬೇಗ ಆರತ್ತೆ, ದಪ್ಪ ಜಾಗ ನಿಧಾನಕ್ಕೆ ಆರಿ ಕುಗ್ಗತ್ತೆ, ಅದರಿಂದ ಮುಂದೆಯೂ ಸೂಕ್ಷ್ಮ ಗುರುತು ಬೀಳತ್ತೆ ಅನ್ನೋ ಆಗಿನವರ ಊಹೆಯನ್ನ ಒಪ್ಪಿದ್ದ. ಕಾರಣ ಪೂರ್ತಿ ಸರಿಯಿಲ್ಲದಿದ್ರೂ ದಿಕ್ಕು ಸರಿ. ಸಣ್ಣ ಕನ್ನಡಿಯನ್ನ ಒಂಚೂರು ಉಬ್ಬಿಸಿ ಯಾಕೆ ಮಾಡ್ತಾರೆ ಅಂತಲೂ ಅವನೇ ಹೇಳಿದಾನೆ, ಚಿಕ್ಕ ಜಾಗದಲ್ಲಿ ಇಡೀ ಮುಖ ಹಿಡಿಯೋಕೆ, ನಿಮ್ಮ ಬೈಕಿನ ಮಿರರ್ ಥರ. ಬ್ರಾಹ್ಮಿ ಲಿಪಿ ಓದಿದ ಜೇಮ್ಸ್ ಪ್ರಿನ್ಸೆಪ್ ಗೊತ್ತಲ್ಲ, ಅವನು ಕೂಡ 1832ರಲ್ಲಿ ಕಲ್ಕತ್ತಾದಲ್ಲಿ ಕೂತು ಇಂಥ ಕನ್ನಡಿಯ ಬಗ್ಗೆ ಟಿಪ್ಪಣಿ ಬರೆದಿದ್ದ.

ಇಪ್ಪತ್ತೆರಡನೇ ಚಿಕ್ಕಪ್ಪನ ಅಂಗಡಿ ಮತ್ತು ಅರ್ಧ ಕನ್ನಡಿ

10ನೇ ಶತಮಾನದಾಚೆ ಸೋಂಗ್ ಕಾಲದಲ್ಲಿ ಕನ್ನಡಿ ಪೂರ್ತಿ ಬಜಾರಿನ ಮಾಲಾಯ್ತು. ಎಷ್ಟೋ ಕನ್ನಡಿಯ ಹಿಂದೆ ಡ್ರ್ಯಾಗನ್ ಇಲ್ಲ, ಹುಲಿ ಇಲ್ಲ, ಒಂದು ಪೆಟ್ಟಿಗೆಯೊಳಗೆ ಅಂಗಡಿ ಹೆಸರು: "ಹೂಝೋ ಊರಿನ ಅಸಲಿ ಶೀ ಮನೆತನದ ಇಪ್ಪತ್ತೆರಡನೇ ಚಿಕ್ಕಪ್ಪನ ಕನ್ನಡಿ". "ಅಸಲಿ" ಅಂತ ಒತ್ತಿ ಹೇಳಬೇಕಾದ್ರೆ ಪಕ್ಕದಲ್ಲಿ ನಕಲಿ ಎಷ್ಟಿದ್ವೋ. ಅದರಲ್ಲೂ "ಕನ್ನಡಿ" ಅನ್ನೋಕೆ ಮಾಮೂಲಿ ಪದ "ಜಿಂಗ್" ಬಿಟ್ಟು ಬೇರೆ ಪದ ಹಾಕಿದಾರೆ, ಯಾಕಂದ್ರೆ ಮೊದಲ ಸೋಂಗ್ ಚಕ್ರವರ್ತಿಯ ತಾತನ ಹೆಸರು ಜಿಂಗ್, ಆ ಶಬ್ದ ಬಾಯಲ್ಲಿ ಬರಬಾರದು. ನಮ್ಮಲ್ಲಿ ಹಿಂದೆ ಹೆಂಗಸರು ಗಂಡನ ಹೆಸರು ಹೇಳದೆ ಸುತ್ತಿ ಬಳಸಿ ಮಾತಾಡ್ತಿದ್ರಲ್ಲ, ಹಾಗೆ. ಆಮೇಲೆ ಗಾಜಿನ ಕನ್ನಡಿ ಬಂದು ನಿಧಾನಕ್ಕೆ ಕಂಚಿನದ್ದನ್ನ ಓಡಿಸ್ತು.

ಇನ್ನು ಒಡೆಯೋ ಕಂಚಿನ ವಿಷಯ, ನೆನಪಿಟ್ಕೊಳ್ಳಿ ಅಂದಿದ್ದೆ. 589ರಲ್ಲಿ ದಕ್ಷಿಣದ ಚೆನ್ ರಾಜ್ಯ ಬೀಳೋ ಹೊತ್ತಲ್ಲಿ ರಾಜಕುಮಾರಿ ಲೆಚಾಂಗ್ ಮತ್ತೆ ಅವಳ ಗಂಡ ಶೂ ದೆಯಾನ್ ಒಂದು ಕಂಚಿನ ಕನ್ನಡಿ ಎರಡು ಹೋಳು ಮಾಡಿ ಒಂದೊಂದು ಇಟ್ಕೊಂಡ್ರಂತೆ, ಬೇರೆಯಾದ್ರೆ ಮೊದಲ ತಿಂಗಳ ಹುಣ್ಣಿಮೆ ಸಂತೆಯಲ್ಲಿ ಅದನ್ನ ಮಾರೋ ನೆಪದಲ್ಲಿ ಹುಡುಕೋದು ಅಂತ ಮಾತು. ರಾಜಧಾನಿಯ ಸಂತೆಯಲ್ಲಿ ಒಬ್ಬ ಮುದುಕ ಆಳು ಒಂದು ಅರ್ಧ ಕನ್ನಡಿಗೆ ಸಿಕ್ಕಾಪಟ್ಟೆ ರೇಟು ಹೇಳ್ತಾ ನಿಂತಿದ್ದ, ಜನ ನಗ್ತಿದ್ರು, ಶೂ ದೆಯಾನ್ ತನ್ನ ಹೋಳು ತೆಗೆದು ಅದರ ಪಕ್ಕ ಇಟ್ಟ, ಕೂಡ್ತು. ಅವಳಾಗಲೇ ಗೆದ್ದ ಕಡೆಯ ಸೇನಾಧಿಪತಿ ಯಾಂಗ್ ಸೂ ಮನೆಯಲ್ಲಿದ್ಲು, ಅವನು ವಿಷಯ ಕೇಳಿ ವಾಪಸ್ ಕಳಿಸಿಕೊಟ್ಟ. ಜಗಳವಾಡಿ ಬೇರೆಯಾಗಿ ಮತ್ತೆ ಒಂದಾದ ಗಂಡ ಹೆಂಡತಿಗೆ ಚೀನಾದಲ್ಲಿ ಇವತ್ತಿಗೂ ಅನ್ನೋ ಮಾತು "ಒಡೆದ ಕನ್ನಡಿ ಮತ್ತೆ ದುಂಡಗಾಯ್ತು".